ಸತ್ಯಾಂಶ: ಸೆಗಾ ಬಾಗಿಲು ಮುಚ್ಚಿಲ್ಲ

ಹಾಸನದ ನಮ್ಮ ಗೇಮ್ ಹುಡುಗರ ವಾಟ್ಸಾಪ್ ಗುಂಪಿಗೆ ವಾರದಿಂದ ಒಂದೇ ಫಾರ್ವರ್ಡ್ ಬರುತ್ತಿದೆ: ‘ಪ್ರಚಾರ ಮಾಡಲು ಬರದೆ ಡ್ರೀಮ್‌ಕಾಸ್ಟ್ ಸೋತಿತು, 2001ರಲ್ಲಿ ಸೆಗಾ ಕಂಪನಿಯೇ ಮುಚ್ಚಿಹೋಯಿತು.’ ಬಿ.ಎಂ. ರಸ್ತೆಯಲ್ಲಿ ಕಾಫಿ ಕುಡಿಯುವಾಗಲೂ ಇದೇ ವಾದ.

ಸೆಗಾ ಜಪಾನಿನ ವಿಡಿಯೊ ಗೇಮ್ ಕಂಪನಿ, ಡ್ರೀಮ್‌ಕಾಸ್ಟ್ ಅದರ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ. ಕಂಪನಿ ಮುಚ್ಚಿಲ್ಲ. ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುತ್ತೇವೆ ಎಂದು 2001ರ ಜನವರಿ 31ರಂದು ಸೆಗಾ ಹೇಳಿತು, ಅಷ್ಟೇ.

ಪ್ರಚಾರದ ಮಾತೂ ಸರಿಯಲ್ಲ. ಅಮೆರಿಕದಲ್ಲಿ ಡ್ರೀಮ್‌ಕಾಸ್ಟ್ ಬಂದದ್ದು 1999ರ ಸೆಪ್ಟೆಂಬರ್ 9ಕ್ಕೆ. 9-9-99 ಅನ್ನೋ ತಾರೀಖನ್ನೇ ಜಾಹೀರಾತು ಮಾಡಿಕೊಂಡರು. ಮಾರಾಟ ಚೆನ್ನಾಗಿಯೇ ಶುರುವಾಯಿತು.

ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ಅದಕ್ಕೂ ಮುಂಚೆ. 1995ರ ಮೇ ತಿಂಗಳು, ಲಾಸ್ ಏಂಜಲೀಸ್‌ನ ಇ3 ಎಂಬ ವಿಡಿಯೊ ಗೇಮ್ ಮೇಳ. ಸೆಪ್ಟೆಂಬರ್‌ಗೆ ಬರಬೇಕಿದ್ದ, ಡ್ರೀಮ್‌ಕಾಸ್ಟ್‌ಗಿಂತ ಹಿಂದಿನ ಯಂತ್ರ ಸ್ಯಾಟರ್ನ್ ಆಗಲೇ ಅಂಗಡಿಗೆ ಬಂದಿದೆ, ಬೆಲೆ 399 ಡಾಲರ್ ಎಂದು ಸೆಗಾ ಘೋಷಿಸಿತು. ಸರಕು ಸಿಕ್ಕಿದ್ದು ಕೆಲವೇ ಅಂಗಡಿಗಳಿಗೆ. ಉಳಿದವರಿಗೆ ಸಿಟ್ಟು ಬಾರದೇ ಇರುತ್ತಾ? ಆಟಗಳೂ ಜಾಸ್ತಿ ತಯಾರಿರಲಿಲ್ಲ. ಅದೇ ಮೇಳದಲ್ಲಿ ಎದುರಾಳಿ ಸೋನಿ ಕಂಪನಿಯವರೊಬ್ಬರು ವೇದಿಕೆಗೆ ಬಂದು, ತಮ್ಮ ಪ್ಲೇಸ್ಟೇಷನ್ ಯಂತ್ರದ ಬೆಲೆಯಾಗಿ ‘299’ ಎಂದಷ್ಟೇ ಹೇಳಿ ಇಳಿದರು. 100 ಡಾಲರ್ ಕಮ್ಮಿ! ಸ್ಯಾಟರ್ನ್ ಅಮೆರಿಕದಲ್ಲಿ ಚೇತರಿಸಿಕೊಳ್ಳಲೇ ಇಲ್ಲ.

ಡ್ರೀಮ್‌ಕಾಸ್ಟ್ ಬರುವ ಹೊತ್ತಿಗೆ ಸೆಗಾ ಕೈಯಲ್ಲಿ ದುಡ್ಡೂ ಕಮ್ಮಿ, ಅಂಗಡಿಯವರ ನಂಬಿಕೆಯೂ ಕಮ್ಮಿ. 2000ದಲ್ಲಿ ಸೋನಿಯ ಪ್ಲೇಸ್ಟೇಷನ್ 2 ಬಂತು. ಅದರಲ್ಲಿ ಡಿವಿಡಿ ಸಿನಿಮಾನೂ ನೋಡಬಹುದಿತ್ತು.

ಸೆಗಾ 2004ರಲ್ಲಿ ಸ್ಯಾಮಿ ಕಂಪನಿ ಜೊತೆ ಸೇರಿತು. ಇಂದಿಗೂ ಆಟ ಮಾಡುತ್ತಿದೆ. ಅದರ ಆಟಗಳ ನಾಯಕ ಸೋನಿಕ್ ಅಂತೂ 2001ರ ಡಿಸೆಂಬರ್‌ನಲ್ಲೇ ಹಳೆಯ ಎದುರಾಳಿ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಓಡತೊಡಗಿದ್ದ.