ದಾರ ಕಟ್ಟಿದ ಪೆನ್ಸಿಲ್

ಮೈಸೂರಿನವಳಾದ ನನಗೆ ಓಟು ಅಂದರೆ ಮೊದಲು ನೆನಪಾಗುವುದು ಮಸಿ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಬೀಳುತ್ತಿರುವ ಮಸಿ ನಮ್ಮೂರಿನ ಪೇಂಟ್ ಕಾರ್ಖಾನೆಯದು. ಓಟು ಹಾಕಿದ ಮೇಲೆ ಎರಡು ವಾರ ಅನ್ನ ಕಲಸುವಾಗಲೂ ಅದೇ ಕಾಣಬೇಕು. ಇಲ್ಲದಿದ್ದರೆ ಓಟು ಹಾಕಿದ ಹಾಗೇ ಅಲ್ಲ.

ಈಗ ನಾನಿರುವುದು ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಪಶ್ಚಿಮ ಕರಾವಳಿಯ ಒಂದು ಹಳ್ಳಿಯಲ್ಲಿ. ಜಿಲ್ಲೆಯ ಹೆಸರು ಕೆರೆಡಿಗಿಯೊನ್. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅಮ್ಮನಿಗೆ ಅದರಲ್ಲಿ ಕೆರೆಯೊಂದೇ ಕೇಳಿಸುತ್ತದೆ. ಇಲ್ಲಿರುವುದು ಸಮುದ್ರ, ಗುಡ್ಡ, ಕುರಿ. ಊರು ಅನ್ನಿಸಿಕೊಳ್ಳುವಷ್ಟು ದೊಡ್ಡದು ಅಬರಿಸ್ಟ್ವಿತ್ ಒಂದೇ. ಅಲ್ಲಿ ವಿಶ್ವವಿದ್ಯಾಲಯವೂ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯವೂ ಇವೆ. ಇಡೀ ಜಿಲ್ಲೆಯ ಜನಸಂಖ್ಯೆ 71 ಸಾವಿರದ ಆಸುಪಾಸು. ಅದರಲ್ಲಿ ನೂರಕ್ಕೆ 45 ಜನ ವೆಲ್ಷ್ ಮಾತಾಡುವವರು ಎಂದು 2021ರ ಜನಗಣತಿ ಹೇಳುತ್ತದೆ. ನಮ್ಮ ಹಳ್ಳಿಯ ಅಂಗಡಿಯಲ್ಲಿ ನಿಂತರೆ ನೂರಕ್ಕೆ ತೊಂಬತ್ತು ಅನ್ನಿಸುತ್ತದೆ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಇಲ್ಲಿ ಓಟು ಹಾಕುತ್ತೇನೆ. ಕಾಮನ್‌ವೆಲ್ತ್ ದೇಶದವರು ಕಾನೂನು ಪ್ರಕಾರ ಇಲ್ಲಿ ನೆಲೆಸಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ಹೆಸರು ಬರೆಸಬಹುದು. ಇದನ್ನು ಹೇಳಿದರೆ ಅಮ್ಮ ನಂಬಲಿಲ್ಲ. "ಅವರು ನಮ್ಮನ್ನ ಆಳಿದ್ದು ಸಾಲದು ಅಂತ, ಈಗ ಅವರನ್ನ ಯಾರು ಆಳಬೇಕು ಅಂತ ನಿನ್ನ ಕೇಳ್ತಾರಾ?" ಅಂದಳು. ಕೇಳುತ್ತಾರೆ, ಏನು ಮಾಡೋದು.

ಮೊದಲ ಸಲ ಹೋದದ್ದು 2017ರ ಜೂನ್ 8ರಂದು. ಮತಗಟ್ಟೆ ಅಂದರೆ ಹಳ್ಳಿಯ ಸಭಾಂಗಣ. ಪೊಲೀಸರಿಲ್ಲ, ಸಾಲಿಲ್ಲ. ಬಾಗಿಲಲ್ಲಿ ಯಾರದೋ ಕುರಿ ಕಾಯುವ ನಾಯಿ ಕಾಲು ಚಾಚಿ ಮಲಗಿತ್ತು. ಒಳಗೆ ಮೇಜಿನ ಹಿಂದೆ ಇಬ್ಬರು ಹೆಂಗಸರು. "ಬೋರೆ ದಾ" ಅಂದರು, ಶುಭೋದಯ ಅಂತ. ಚೀಟಿ ಕೊಟ್ಟರು. ಮೂಲೆಯಲ್ಲಿ ತೆಳು ಹಲಗೆಯ ಗೂಡು. ಅದರೊಳಗೆ ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್!

ಪೆನ್ಸಿಲ್ಲಲ್ಲಿ ಬರೆದದ್ದನ್ನು ರಬ್ಬರಿನಿಂದ ಅಳಿಸಬಹುದು ಎಂದು ಒಂದನೇ ಕ್ಲಾಸಿನಲ್ಲೇ ಕಲಿತವರು ನಾವು. ಬೇಕಾದರೆ ಸ್ವಂತ ಪೆನ್ನು ತರಬಹುದಂತೆ, ನನಗೆ ಗೊತ್ತಿರಲಿಲ್ಲ. ಗುಣಾಕಾರದ ಗುರುತು ಹಾಕಿ ಮಡಿಸಿ ಡಬ್ಬಕ್ಕೆ ಹಾಕಿದೆ. ಅದೂ ಒಂದು ಫಜೀತಿ. ನಮ್ಮ ಮೇಷ್ಟರು ಉತ್ತರ ತಪ್ಪಾದಾಗ ಹಾಕುತ್ತಿದ್ದ ಗುರುತನ್ನೇ ಇಲ್ಲಿ ಮೆಚ್ಚಿದವರ ಹೆಸರಿನ ಮುಂದೆ ಹಾಕಬೇಕು.

ಮಾರನೆಯ ದಿನ ಫಲಿತಾಂಶ ಬಂತು. ಪ್ಲೈಡ್ ಕಮ್ರಿ, ಅಂದರೆ ವೇಲ್ಸ್‌ನ ಪಕ್ಷದ ಬೆನ್ ಲೇಕ್ ಎಂಬ 24 ವರ್ಷದ ಹುಡುಗ ಗೆದ್ದಿದ್ದ. 12 ವರ್ಷದಿಂದ ಎಂಪಿಯಾಗಿದ್ದ ಲಿಬರಲ್ ಡೆಮಾಕ್ರಟ್ ಪಕ್ಷದ ಮಾರ್ಕ್ ವಿಲಿಯಮ್ಸ್ ಸೋತಿದ್ದರು. ಅಂತರ 104 ಓಟು. ರಾತ್ರಿ ಪಾಳಿ ಮುಗಿಸಿ ಬಂದು, ಓಟಿಗೆ ಹೋಗದೆ ದಿನವಿಡೀ ಮಲಗಿದ್ದ ನಮ್ಮವರು ಒಂದು ವಾರ ಪೆಚ್ಚಾಗಿದ್ದರು. "ನಾನು ಹೋಗಿದ್ದರೆ 105 ಆಗುತ್ತಿತ್ತು" ಅಂದರು. "103 ಆಗ್ತಿತ್ತೋ ಏನೋ" ಅಂದೆ. ಯಾರಿಗೆ ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಅಮ್ಮನಿಗೆ ಮಾತ್ರ ಬಹಳ ಖುಷಿ. ಕೆರೆ ಜಿಲ್ಲೆಗೆ ಲೇಕ್ ಅನ್ನುವವನೇ ಎಂಪಿ, ಸರಿಯಾಗಿದೆ ಅಲ್ವಾ?

ಇಲ್ಲಿನವರಿಗೆ ಈ ಕೂದಲೆಳೆ ಹೊಸದಲ್ಲ. ಅದೇ ಮಾರ್ಕ್ ವಿಲಿಯಮ್ಸ್ 2005ರಲ್ಲಿ ಗೆದ್ದದ್ದು 219 ಓಟಿನಿಂದ. ಹಿಂದೆ ಹೋದರೆ ಇದು ದಶಕಗಟ್ಟಲೆ ಲಿಬರಲ್ ಪಕ್ಷದ ಕೋಟೆ. ಎಷ್ಟರ ಮಟ್ಟಿಗೆ ಅಂದರೆ, 1921ರ ಉಪಚುನಾವಣೆಯಲ್ಲಿ ಎದುರಾಳಿಯೂ ಲಿಬರಲ್ಲೇ. ಆಗಿನ ಪ್ರಧಾನಿ ಲಾಯ್ಡ್ ಜಾರ್ಜ್ ಕಡೆಯ ಲಿಬರಲ್ ಒಬ್ಬ, ಅವರಿಗೆ ಆಗದ ಲಿಬರಲ್ ಇನ್ನೊಬ್ಬ. ಆಮೇಲೆ 1966ರಲ್ಲಿ ಲೇಬರ್ ಪಕ್ಷದ ಎಲಸ್ಟನ್ ಮಾರ್ಗನ್ ಬಂದರು. 1974ರಲ್ಲಿ ಕುರಿ ಸಾಕುವ ರೈತ ಗೆರೈಂಟ್ ಹಾವೆಲ್ಸ್ ಅದನ್ನು ಲಿಬರಲ್ ಪಕ್ಷಕ್ಕೆ ಮರಳಿ ತಂದರು. 1992ರಲ್ಲಿ ಪ್ಲೈಡ್ ಕಮ್ರಿಯ ಕನೋಗ್ ಡೇವಿಸ್ ಹಸಿರು ಪಕ್ಷದವರ ಬೆಂಬಲದಿಂದ ಗೆದ್ದರು. ಹಿಂದಿನ ಚುನಾವಣೆಯಲ್ಲಿ ಅವರು ನಾಲ್ಕನೆಯವರು! ನಮ್ಮ ಬೀದಿಯ ಹಿರಿಯರು ಇವರನ್ನೆಲ್ಲ ಎಲಸ್ಟನ್, ಗೆರೈಂಟ್, ಕನೋಗ್ ಅಂತ ಮೊದಲ ಹೆಸರಿನಲ್ಲೇ ಕರೆಯುತ್ತಾರೆ. ಇಲ್ಲಿ ಅಡ್ಡಹೆಸರು ಹಿಡಿದರೆ ಯಾರೂ ಸಿಗುವುದಿಲ್ಲ. ಎಲ್ಲರೂ ಜೋನ್ಸ್, ಎಲ್ಲರೂ ಡೇವಿಸ್, ಉಳಿದವರು ಇವಾನ್ಸ್.

ಪೆನ್ಸಿಲ್ಲಿನ ವಿಷಯ ಮುಗಿದಿಲ್ಲ. ಆ ಹಲಗೆಯ ಗೂಡಿನ ಮೇಲೆ ಗೌರವ ಹುಟ್ಟಿದ್ದು ಟ್ರೆಗಾರನ್ ಊರಿಗೆ ಹೋದಾಗ. ಅಲ್ಲಿನ ಚೌಕದಲ್ಲಿ ಹೆನ್ರಿ ರಿಚರ್ಡ್ ಅವರ ಪ್ರತಿಮೆ ಇದೆ. ಆ ಊರಲ್ಲೇ ಹುಟ್ಟಿದವರು. 1868ರ ಚುನಾವಣೆಯ ಕಾಲಕ್ಕೆ ಓಟು ಬಹಿರಂಗ. ಎಲ್ಲರ ಎದುರು ಬಾಯಿಬಿಟ್ಟು ಹೆಸರು ಹೇಳಬೇಕು, ಅಧಿಕಾರಿ ಬರೆದುಕೊಳ್ಳಬೇಕು. ಈ ಜಿಲ್ಲೆಯ ಗೇಣಿದಾರರು ಜಮೀನ್ದಾರರ ಮಾತು ಮೀರಿ ಲಿಬರಲ್ ಹೆಸರು ಹೇಳಿದರು. ಲಿಬರಲ್ ಗೆದ್ದ, ಹೇಳಿದವರಲ್ಲಿ ಎಷ್ಟೋ ಮಂದಿ ಹೊಲ ಮನೆ ಬಿಟ್ಟು ಏಳಬೇಕಾಯಿತು. ಅದೇ ಚುನಾವಣೆಯಲ್ಲಿ ಬೇರೆ ಕ್ಷೇತ್ರದಿಂದ ಗೆದ್ದಿದ್ದ ಹೆನ್ರಿ ರಿಚರ್ಡ್ ಇದನ್ನು ಪಾರ್ಲಿಮೆಂಟಿನಲ್ಲಿ ಎತ್ತಿದರು. 1872ರಲ್ಲಿ ಗುಪ್ತ ಮತದಾನದ ಕಾನೂನು ಬಂತು. ನಾನು ಸುಮ್ನೆ ಗೂಡಿನೊಳಗೆ ಹೋಗಿ ಗೀಚಿ ಬಂದೆ. ಅದಕ್ಕೆ ಮುಂಚೆ ಯಾರದೋ ಒಲೆ ಆರಿತ್ತು.

ಓಟಿಗೆ ವೆಲ್ಷ್‌ನಲ್ಲಿ ಪ್ಲೈಡ್‌ಲೈಸ್ ಅನ್ನುತ್ತಾರೆ. ಪ್ಲೈಡ್ ಅಂದರೆ ಪಕ್ಷ, ಲೈಸ್ ಅಂದರೆ ದನಿ. ಆದರೆ ಮತಗಟ್ಟೆಯ ಬೋರ್ಡಿನಲ್ಲಿರುವುದು ಗೋರ್ಸವ್ ಬ್ಲೈಡ್‌ಲೈಶೊ. 'ಪ' ಹೋಗಿ 'ಬ' ಬಂದಿದೆ. ಪ್ರಿಂಟಿನವರ ತಪ್ಪು ಅಂದುಕೊಂಡೆ. ಗಡಿಯಲ್ಲಿ ವೇಲ್ಸ್‌ಗೆ ಸ್ವಾಗತ ಹೇಳುವ ಬೋರ್ಡಿನಲ್ಲಿ 'ಕಮ್ರಿ' ಇರಲಿಲ್ಲ, 'ಗಮ್ರಿ' ಇತ್ತು. ಲಾನ್‌ರಸ್ಟಿಡ್ ಹತ್ತಿರ ದೊಡ್ಡ ರಸ್ತೆಯ ಪಕ್ಕ ಒಂದು ಮುರುಕು ಗೋಡೆಯಿದೆ. ಅದರ ಮೇಲೆ ಕೆಂಪು ಬಣ್ಣದ ನಡುವೆ ಬಿಳಿ ಅಕ್ಷರದಲ್ಲಿ 'ತ್ರವೆರಿನ್ ನೆನಪಿರಲಿ' ಎಂದು ಬರೆದಿದೆ. ಅಲ್ಲೂ 'ತ' ಹೋಗಿ 'ದ್ರವೆರಿನ್' ಆಗಿದೆ. ಕ ತ ಪ ಹೋಗಿ ಗ ದ ಬ! ಮಳೆಗಾಲ, ಬೆಟ್ಟದಾವರೆ, ಕಂಬನಿ! ಆದೇಶ ಸಂಧಿ ಬಾಯಿಪಾಠ ಮಾಡದೆ ನಾನು ಬೆಂಚಿನ ಮೇಲೆ ನಿಂತದ್ದು ಎಂಟನೇ ಕ್ಲಾಸಿನಲ್ಲಿ. ಅದು ಐದು ಸಾವಿರ ಮೈಲಿ ದೂರದ ಗೋಡೆಯ ಮೇಲೆ ಸಿಕ್ಕಿತು.

ಆ ಗೋಡೆಯ ಕತೆಯೂ ಓಟಿನದೇ. ತ್ರವೆರಿನ್ ಇಲ್ಲಿಂದ ಉತ್ತರಕ್ಕಿರುವ ಒಂದು ಕಣಿವೆ. ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು ಅಲ್ಲಿ ಅಣೆಕಟ್ಟು ಕಟ್ಟಲು 1957ರಲ್ಲಿ ಕಾನೂನು ತಂದರು. ಆಗ ವೇಲ್ಸ್‌ಗೆ 36 ಎಂಪಿಗಳು. ಅವರಲ್ಲಿ ಒಬ್ಬರೂ ಅದರ ಪರ ಓಟು ಹಾಕಲಿಲ್ಲ. ಆದರೂ ಪಾಸಾಯಿತು. 1965ರಲ್ಲಿ ಕಪೆಲ್ ಕೆಲಿನ್ ಎಂಬ ವೆಲ್ಷ್ ಮಾತಿನ ಹಳ್ಳಿ, ಶಾಲೆ, ಪ್ರಾರ್ಥನಾ ಮಂದಿರದ ಸಮೇತ ಮುಳುಗಿತು. 2019ರಲ್ಲಿ ಯಾರೋ ಗೋಡೆಯನ್ನು ಒಡೆದು ಹಾಕಿದಾಗ ಜನ ಮತ್ತೆ ಕಟ್ಟಿದರು. ಅಷ್ಟಕ್ಕೇ ಬಿಡದೆ ವೇಲ್ಸ್ ತುಂಬ ಅದೇ ಮಾತನ್ನು ಬರೆದರು.

ಈಗ ಇಲ್ಲಿನ ಎಂಪಿ ಊರಲ್ಲಿ ವೆಲ್ಷ್‌ನಲ್ಲೇ ಕಷ್ಟಸುಖ ಕೇಳುತ್ತಾರೆ. ಲಂಡನ್ನಿನ ಸದನದಲ್ಲಿ ಎದ್ದು ನಿಂತರೆ ಇಂಗ್ಲಿಷಿನಲ್ಲೇ ಮಾತಾಡಬೇಕು. ಪ್ರಮಾಣವಚನ ಮಾತ್ರ ವೆಲ್ಷ್‌ನಲ್ಲೂ ತೆಗೆದುಕೊಳ್ಳಬಹುದು. 2018ರಿಂದ ವೇಲ್ಸ್ ವಿಷಯದ ಒಂದು ಸಮಿತಿಯಲ್ಲಿ ವೆಲ್ಷ್‌ಗೆ ಜಾಗ ಸಿಕ್ಕಿದೆ. ಕಾರ್ಡಿಫ್‌ನ ಸೆನೆಥ್, ಅಂದರೆ ವೇಲ್ಸ್‌ನ ಸ್ವಂತ ಶಾಸನಸಭೆಯಲ್ಲಿ ಆ ತೊಂದರೆಯಿಲ್ಲ. ಅಲ್ಲಿ ವೆಲ್ಷ್ ಬಾರದವರು ಕಿವಿಗೆ ಯಂತ್ರ ಹಾಕಿಕೊಂಡು ಅನುವಾದ ಕೇಳುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ. ಬಾರದವರಲ್ವಾ ಹಾಕಿಕೊಳ್ಳಬೇಕಾದದ್ದು.

ಆದರೆ ಆ ಸೆನೆಥ್ ಮೇಲೂ ನನಗೊಂದು ತಕರಾರಿದೆ. 2026ರ ಚುನಾವಣೆಗೆಂದು ಹೊಸ ಪದ್ಧತಿ ತಂದರು. ದೊಡ್ಡ ಕ್ಷೇತ್ರ, ಒಂದೊಂದಕ್ಕೆ ಆರು ಸದಸ್ಯರು, ಒಟ್ಟು 96. ನಮ್ಮದು ಕೆರೆಡಿಗಿಯೊನ್ ಪೆನ್ವ್ರೊ. ಗುರುತು ಹಾಕುವುದು ಪಕ್ಷದ ಮುಂದೆ, ಮನುಷ್ಯನ ಮುಂದಲ್ಲ. ಲೆಕ್ಕಕ್ಕೆ ನ್ಯಾಯವೇ ಇರಬಹುದು. ಆದರೆ ಗೆರೈಂಟ್, ಕನೋಗ್ ಅಂತ ಕರೆದು ರೂಢಿಯಾದ ನಮ್ಮ ಬೀದಿಯ ಹಿರಿಯರು ಪಕ್ಷದ ಪಟ್ಟಿಯನ್ನು ಏನಂತ ಕರೆಯಬೇಕು?

2024ರ ಜುಲೈ ಚುನಾವಣೆಯ ಹೊತ್ತಿಗೆ ಪಾರ್ಲಿಮೆಂಟ್ ಕ್ಷೇತ್ರವೂ ಹಿಗ್ಗಿ ಪಕ್ಕದ ಜಿಲ್ಲೆಯ ಒಂದು ತುಂಡು ಸೇರಿತ್ತು. ವೇಲ್ಸ್‌ನ ಎಂಪಿಗಳು 40ರಿಂದ 32ಕ್ಕೆ ಇಳಿದಿದ್ದರು. ಫೋಟೋ ಇರುವ ಗುರುತಿನ ಚೀಟಿಯೂ ಬೇಕಿತ್ತು. ಮೂರು ಸಿಂಹದ ಪಾಸ್‌ಪೋರ್ಟ್ ಕೊಟ್ಟೆ, ಅದು ನಡೆಯುತ್ತದೆ. ಮೇಜಿನ ಹಿಂದಿನ ಹೆಂಗಸು ನನ್ನ ಹೆಸರನ್ನು ಉದ್ದಕ್ಕೂ ಓದಿ, ಒಂದು ಅಕ್ಷರವನ್ನೂ ತಪ್ಪದೆ ಹೇಳಿದರು. ಇಂಗ್ಲಿಷಿನವರಿಗೆ ನನ್ನ ಹೆಸರಿನ 'ರ' ಇವತ್ತಿಗೂ ಸಿಕ್ಕಿಲ್ಲ. ಈ ಸಲ ನಮ್ಮವರನ್ನೂ ಎಬ್ಬಿಸಿ ಕರೆದುಕೊಂಡು ಹೋಗಿದ್ದೆ. ಬೆನ್ ಲೇಕ್ 14 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ನಮ್ಮವರಿಗೆ ನಿರಾಸೆಯಾಯಿತು. "ನನ್ನ ಒಂದು ಓಟು ಇದರಲ್ಲಿ ಎಲ್ಲಿ ಕಾಣುತ್ತೆ?" ಅಂತ.

ಸಂಜೆ ಅಮ್ಮ ವಿಡಿಯೋ ಕಾಲ್ ಮಾಡಿದಳು. "ಬೆರಳು ತೋರಿಸೇ" ಅಂದಳು. ತೋರಿಸಿದೆ. ಪೆನ್ಸಿಲ್ ಮೊಂಡಾಗಿದ್ದರಿಂದ ಒತ್ತಿ ಹಿಡಿದು ಗೀಚಿದ್ದೆ. ತುದಿಯಲ್ಲಿ ಒಂದಿಷ್ಟು ಸೀಸದ ಕಪ್ಪು ಉಳಿದಿತ್ತು. ಅಮ್ಮ ಕನ್ನಡಕ ಏರಿಸಿ ನೋಡಿದಳು.

"ಸೋಪು ಹಾಕಬೇಡ. ನಾಳೆ ನಿಮ್ಮ ಅತ್ತೆ ನೋಡಲಿ."