ಅಕ್ಷರವನ್ನು ಹೀಗೆ ಎಳೀಬೇಡಿ

ನಿನ್ನೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಿಂದ ತಂಗಿಯ ಮದುವೆ ಬ್ಯಾನರ್ ತಂದೆ. ಬಿಚ್ಚಿ ನೋಡಿದರೆ ಹೊಟ್ಟೆ ಉರಿಯಿತು. ನಾನು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ (ಎಲ್ಲಾ ಮೊಬೈಲು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಸರಿಯಾಗಿ ಟೈಪ್ ಮಾಡಿ ಕಳಿಸಿದ್ದ 'ಕಾರ್ಯಕ್ರಮ' ಅವರ ಹಳೆಯ ಸಾಫ್ಟ್‌ವೇರ್‌ನಲ್ಲಿ ಒಡೆದು, ಒತ್ತಕ್ಷರ ಕಳಚಿ, 'ಕಾರ್ ಯಕ್ ರಮ' ಆಗಿತ್ತು. ಕೇಳಿದರೆ, 'ಯಾರ್ ನೋಡ್ತಾರ್ರೀ ಅಣ್ಣಾ, ನಡೀತದ ಬಿಡ್ರಿ' ಅಂದರು. ನಾನು ನೋಡ್ತೀನಲ್ವಾ?

ಅದಕ್ಕಿಂತ ಜಾಸ್ತಿ ನೋವಾಗಿದ್ದು, ಜಾಗ ತುಂಬಲಿ ಅಂತ ಹೆಸರನ್ನು ಸುಮ್ನೆ ಅಡ್ಡಕ್ಕೆ ಎಳೆದದ್ದು. ಹಾಗೆ ಎಳೆದರೆ ನಿಂತ ಗೆರೆಗಳು ದಪ್ಪ ಆಗುತ್ತವೆ, ಮಲಗಿದ ಗೆರೆಗಳು ಮಾತ್ರ ತೆಳ್ಳಗೇ ಉಳಿಯುತ್ತವೆ, ದುಂಡಗಿನ 'ರ' ಚಪ್ಪಟೆ ರೊಟ್ಟಿಯ ಹಾಗೆ ಕಾಣುತ್ತದೆ. ತಾಳೆಗರಿ ಸೀಳದಂತೆ ಕಂಟದಿಂದ, ಅಂದರೆ ಕಬ್ಬಿಣದ ಲೇಖನಿಯಿಂದ, ಕೊರೆದು ಕೊರೆದು ಬಂದ ದುಂಡು ಅದು. ಆಮೇಲೆ ಅಚ್ಚಿನ ಮೊಳೆಗಳಿಗೂ ಬಂತು; 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ತೆಗೆದು ನೋಡಿ, ತಲೆಕಟ್ಟು ಒತ್ತು ಎಲ್ಲಾ ಎಷ್ಟು ಅಚ್ಚುಕಟ್ಟು!

ದಪ್ಪ ಅಕ್ಷರವೇ ಬೇಕಿದ್ದರೆ 'ಬಲೂ ತಮ್ಮ' ಅನ್ನೋ ಫಾಂಟ್ ಇದೆ. ಫಾಂಟ್ ಮಾಡೋ ಏಕ್ ಟೈಪ್ ಸಂಸ್ಥೆಯವರು ಮಾಡಿದ್ದು, ದುಂಡಗೆ ಗುಂಡಗೆ, ಬ್ಯಾನರಿಗೆ ಹೇಳಿ ಮಾಡಿಸಿದ ಹಾಗಿದೆ, ದುಡ್ಡೂ ಕೊಡಬೇಕಿಲ್ಲ. ಓದೋಕೆ ಸಣ್ಣ ಅಕ್ಷರ ಬೇಕಾದರೆ ಗೂಗಲ್‌ನ 'ನೋಟೋ' ಫಾಂಟ್ ಇದೆ. ಇಳಿಸಿಕೊಳ್ಳೋಕೆ ಐದು ನಿಮಿಷ ಸಾಕು.

ಬ್ಯಾನರ್ ವಾಪಸ್ ಕೊಟ್ಟು ಬಂದಿದ್ದೀನಿ. ಈ ಸಲ ಪಕ್ಕದಲ್ಲೇ ಕೂತು ಮಾಡಿಸ್ತೀನಿ.