ಅಗಸಿ ಇಲ್ಲದ ಅಗಸಿ

ವಿಜಯಪುರದಲ್ಲಿ ಆಟೋ ಹತ್ತಿ ‘ಫತೇ ದರ್ವಾಜಾಕ್ಕ ನಡೀರಿ’ ಅಂದರೆ ಚಾಲಕ ಕನ್ನಡಿಯಲ್ಲಿ ನಿಮ್ಮ ಮುಖ ನೋಡುತ್ತಾನೆ. ‘ಮನಗೂಳಿ ಅಗಸಿ’ ಅನ್ನಿ, ‘ಕೂಡ್ರಿ’ ಅನ್ನುತ್ತಾನೆ. 1686ರಲ್ಲಿ ಊರು ಗೆದ್ದ ಔರಂಗಜೇಬ ಈ ಬಾಗಿಲಿನಿಂದಲೇ ಒಳಗೆ ಬಂದ, ಅದಕ್ಕೇ ಅದು ಫತೇ, ಅಂದರೆ ಗೆಲುವಿನ ಬಾಗಿಲು ಆಯಿತು ಅನ್ನುತ್ತಾರೆ. ಬಾದಶಹನ ಹೆಸರು ಪುಸ್ತಕ ಸೇರಿತು. ಬಾಯಲ್ಲಿ ಉಳಿದದ್ದು ಮನಗೂಳಿ.

ಅಗಸಿಗೆ ಹೆಸರು ಬರುವುದು ಅದು ತೋರಿಸುವ ದಾರಿಯಿಂದ. ಮನಗೂಳಿಗೆ ಹೊರಟವರು ಹಾಯುವುದು ಮನಗೂಳಿ ಅಗಸಿ, ಅಲ್ಲಾಪುರದ ಕಡೆಯದು ಅಲ್ಲಾಪುರ ಅಗಸಿ. ಪಶ್ಚಿಮಕ್ಕಿರುವುದು ಮಕ್ಕಾ ದರ್ವಾಜ. ಆ ಹೆಸರು ನಂಬಿ ಹೊರಟವರು ತುಸು ಹೆಚ್ಚು ನಡೆಯಬೇಕಾಗುತ್ತದೆ, ಅಷ್ಟೆ. ಸುಮಾರು 10 ಕಿ.ಮೀ. ಸುತ್ತಳತೆಯ ಕೋಟೆಗೋಡೆಯಲ್ಲಿ ರಸ್ತೆ ನುಗ್ಗಿದಲ್ಲೆಲ್ಲ ಕಲ್ಲು ಹೋಗಿದೆ. ಹೆಸರು ಮಾತ್ರ ಬಸ್ ಸ್ಟಾಪು, ಅಂಗಡಿ ಬೋರ್ಡು, ಮದುವೆ ಕಾರ್ಡುಗಳಲ್ಲಿ ಗಟ್ಟಿಯಾಗಿ ಕೂತಿದೆ.

ಅಗಸಿ ದಾಟಿ ಒಳಗೆ ಬಂದವರು ಗೋಳಗುಮ್ಮಟ ಹುಡುಕಬೇಕಾಗಿಲ್ಲ, ಅದು ತಾನೇ ಕಾಣುತ್ತದೆ. ಹುಡುಕಬೇಕಾದದ್ದು ಗಂಜ್. ಓಣಿಯ ನಡುವೆ, ಮನೆಗಳ ಸಂದಿಯಲ್ಲಿ ನಿಂತಿರುವ ಚೌಕಾಕಾರದ ಗಾರೆ ಗೋಪುರ ಅದು. ಕಾವಲು ಗೋಪುರ ಅಂತ ತಿಳಿದು ಮುಂದೆ ಹೋಗುವವರೇ ಹೆಚ್ಚು. ತೊರವಿಯಿಂದಲೂ 1651ರ ಬೇಗಂ ತಲಾಬ ಎಂಬ ಕೆರೆಯಿಂದಲೂ ಊರಿಗೆ ನೀರು ತಂದ ವ್ಯವಸ್ಥೆಯ ಒಂದು ಭಾಗ ಅದು. ಬೇಗಂ ತಲಾಬದ ನೀರು ಬರುತ್ತಿದ್ದದ್ದು ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ. ಎತ್ತರದಿಂದ ಇಳಿಯುವ ನೀರಿಗೆ ಒತ್ತಡ ಜಾಸ್ತಿ. ಮಣ್ಣಿನ ಕೊಳವೆ ಅದನ್ನು ಬಹಳ ದೂರ ತಡೆಯದು, ಮೊದಲು ಕೀಲು ಬಿಡುತ್ತದೆ. ಅದಕ್ಕೇ ದಾರಿಯಲ್ಲಿ ಅಲ್ಲಲ್ಲಿ ಒಂದೊಂದು ಗಂಜ್. ನೀರು ಅದರೊಳಗೆ ಏರಿ ಬಾಯ್ದೆರೆದ ಕಡೆ ಒತ್ತಡ ಕಳೆದುಕೊಳ್ಳುತ್ತದೆ, ಹೊತ್ತು ತಂದ ಹೂಳು ತಳಕ್ಕೆ ಕೂರುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಹೋಗುತ್ತದೆ. ಹೂಳು ತೆಗೆಯದೆ ಬಿಟ್ಟರೆ ಮುಂದಿನ ಓಣಿಯ ಕೊಡ ಖಾಲಿ. ಮೋಟಾರಿಲ್ಲ, ಕರೆಂಟ್ ಹೋಯಿತೆಂಬ ನೆಪವೂ ಇಲ್ಲ.

ಮಕ್ಕಾ ದರ್ವಾಜದ ಒಳಗೇ ಇರುವ ತಾಜ್ ಬಾವಡಿ ಎಂಬ ಬಾವಿ 1620ರದು. ಅದರ ದೊಡ್ಡ ಕಮಾನಿನ ಕೆಳಗೆ ನಿಂತರೆ ಬೇಸಿಗೆಯಲ್ಲೂ ತಂಪು, ಅದನ್ನು ಬೆಳಿಗ್ಗೆ ಬೇಗ ನೋಡುವುದು ಲೇಸು. ಗಂಜ್ ನೋಡಲು ಮಾತ್ರ ಹೊತ್ತಿನ ಹಂಗಿಲ್ಲ. ಒಡೆದದ್ದೊಂದು ಸಿಕ್ಕರೆ ಬುಡದಲ್ಲಿ ಬಾಗಿ ನೋಡಿ, ಗಾರೆಯ ನಡುವೆ ಕೊಳವೆಯ ದುಂಡು ಬಾಯಿ ಇನ್ನೂ ತೆರೆದೇ ಇರಬಹುದು.